ಅಕ್ಕನಿಗೆಂದು ಇಟ್ಟ ಬುಟ್ಟಿ

ಹತ್ತೊಂಬತ್ತು ವರ್ಷ ಮೀನಿನ ಉದ್ದ ಅಳೆದುಕೊಂಡು ಕೂರುವುದೂ ಒಂದು ಕೆಲಸವೇ ಎಂದು ಕೇಳುವವರಿಗೆ ಅಕ್ಕ ಉತ್ತರ ಕೊಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಮೊದಮೊದಲು ಕೊಡುತ್ತಿದ್ದಳು. ಮೀನಿನ ತಲೆಯೊಳಗೆ ಕಿವಿಯ ಹತ್ತಿರ ಅಕ್ಕಿಕಾಳಿನಷ್ಟು ಒಂದು ಕಲ್ಲಿರುತ್ತದೆ, ಅದನ್ನು ಸೀಳಿ ನೋಡಿದರೆ ಮರದ ಕಾಂಡದಲ್ಲಿರುವ ಹಾಗೆ ವರ್ಷಕ್ಕೊಂದು ಸುತ್ತು ಕಾಣುತ್ತದೆ, ಸುತ್ತು ಎಣಿಸಿದರೆ ವಯಸ್ಸು ಸಿಗುತ್ತದೆ, ಉದ್ದವೂ ವಯಸ್ಸೂ ಗೊತ್ತಾದರೆ ಕಡಲಿನಲ್ಲಿ ಮರಿ ಎಷ್ಟಿವೆ, ಬಲಿತವು ಎಷ್ಟಿವೆ, ಮುಂದಿನ ವರ್ಷ ಎಷ್ಟು ಹಿಡಿದರೆ ಕಡಲು ತಡೆದುಕೊಳ್ಳುತ್ತದೆ ಎಂದು ಹೇಳಬಹುದು ಅಂತ ಒಂದೇ ಉಸಿರಿಗೆ ಒಪ್ಪಿಸುತ್ತಿದ್ದಳು. ಕೇಳಿದವರು ಹೌದಾ ಎಂದು ಕಣ್ಣರಳಿಸಿ, ಮರುಗಳಿಗೆಯೇ ಇವತ್ತು ಒಳ್ಳೆ ಮೀನು ಯಾವ ಬೋಟಿನಲ್ಲಿ ಬಂದಿದೆ ಎಂದು ವಿಚಾರಿಸುತ್ತಿದ್ದರು. ಗೋಡೆಗೆ ಹೇಳಿದರೂ ಒಂದೇ, ಇವರಿಗೆ ಹೇಳಿದರೂ ಒಂದೇ ಎಂದು ಅವಳು ಸುಮ್ಮನಾದಳು.

ಹರಾಜು ಕಟ್ಟೆಯ ಮೂಲೆಯಲ್ಲಿ, ಐಸು ಪುಡಿ ಮಾಡುವ ಯಂತ್ರಕ್ಕೂ ಕೈ ತೊಳೆಯುವ ನಲ್ಲಿಗೂ ನಡುವೆ, ಅವಳ ಕಲ್ಲುಮೇಜು. ಮೇಜಿನ ಮೇಲೆ ಅಳತೆಯ ಹಲಗೆ. ಅದರ ಒಂದು ತುದಿಯಲ್ಲಿ ಅಡ್ಡಪಟ್ಟಿ. ಮೀನಿನ ಮೂತಿಯನ್ನು ಅದಕ್ಕೆ ತಾಗಿಸಿ ಮಲಗಿಸಿದರೆ ಬಾಲ ಯಾವ ಗೆರೆಗೆ ಬಂತೋ ಅದು ಉದ್ದ. ಒದ್ದೆಯಾದರೂ ಹರಿಯದ ಹಾಳೆಯಲ್ಲಿ ಪೆನ್ಸಿಲಿನ ಗೀಟು, ನಾಲ್ಕು ಗೀಟಿಗೆ ಒಂದು ಅಡ್ಡಗೀಟು. ದಿನಕ್ಕೆ ಮೂರೋ ನಾಲ್ಕೋ ಬೋಟು, ಬೋಟಿಗೊಂದು ಬುಟ್ಟಿ. ಬುಟ್ಟಿ ಎನ್ನುವುದು ಬಾಯಿಮಾತು, ಇದ್ದದ್ದು ನೀಲಿ ಪ್ಲಾಸ್ಟಿಕ್ ಕ್ರೇಟು. ಹಾಳೆಯ ಕೊನೆಯಲ್ಲಿ ಒಂದು ಚೌಕ, ಅದರ ಪಕ್ಕ 'ವಿಂಗಡಿಸುವ ಮೊದಲು ತೆಗೆದದ್ದು' ಎಂದು ಅಚ್ಚಾಗಿರುತ್ತಿತ್ತು. ಬಲೆಯಿಂದ ಬಿದ್ದದ್ದನ್ನು ಬಿದ್ದ ಹಾಗೇ ಅಳೆಯಬೇಕು. ಆರಿಸಿದ ಮೀನನ್ನು ಅಳೆದರೆ ಅದು ಕಡಲಿನ ಲೆಕ್ಕವಾಗುವುದಿಲ್ಲ, ಆರಿಸಿದವನ ಲೆಕ್ಕವಾಗುತ್ತದೆ. ಮೀನು ಸಂಶೋಧನಾ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ದಿನ ಅವಳಿಗೆ ಹೇಳಿಕೊಟ್ಟ ಮೊದಲ ಪಾಠ ಇದೇ. ಅಕ್ಕ ದಿನವೂ ಆ ಚೌಕದಲ್ಲಿ ಸರಿ ಗುರುತು ಹಾಕಿ ಸಹಿ ಮಾಡುತ್ತಿದ್ದಳು.

ಮೊದಲ ವರ್ಷಗಳಲ್ಲಿ ಅವಳೇ ಕಬ್ಬಿಣದ ಏಣಿ ಇಳಿದು ಬೋಟಿಗೆ ಹೋಗಿ, ಕಣ್ಣಿಗೆ ಬಿದ್ದ ಯಾವುದೋ ಬುಟ್ಟಿ ತೋರಿಸಿ ಇದು ಬೇಕು ಎನ್ನುತ್ತಿದ್ದಳು. ಆಮೇಲೆ ಯಾವಾಗಿನಿಂದಲೋ ಬುಟ್ಟಿಯೇ ಮೇಜಿಗೆ ನಡೆದು ಬರತೊಡಗಿತು. ಮಂಡಿನೋವು ಶುರುವಾದ ಕಾಲಕ್ಕೆ ಅದು ಅಭ್ಯಾಸವೇ ಆಗಿಹೋಗಿತ್ತು. ಹುಡುಗರು ತಂದಿಟ್ಟು, ಅಕ್ಕಾ ನಿಮ್ಮ ಬುಟ್ಟಿ ಎಂದು ಹೇಳಿ ಹೋಗುತ್ತಿದ್ದರು. ಇಡೀ ಬಂದರಿನಲ್ಲಿ ಇಷ್ಟು ಮರ್ಯಾದೆ ಯಾರಿಗಿದೆ ಹೇಳಿ. ಗಂಡ ಇದ್ದಿದ್ದರೆ ಇದನ್ನು ನೋಡಿ ರೇಗಿಸಿ ರೇಗಿಸಿ ಸಾಯಿಸುತ್ತಿದ್ದ. ಅವನು ಆ ಐಸು ಯಂತ್ರ ನಡೆಸುತ್ತಿದ್ದವನು, ಅವಳಿಗೆ ಸಿಕ್ಕಿದ್ದೂ ಅದೇ ಯಂತ್ರದ ಪಕ್ಕದಲ್ಲಿ. ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ಎದೆನೋವೆಂದು ಕೂತವನು ಮತ್ತೆ ಏಳಲಿಲ್ಲ. ಮಕ್ಕಳಿರಲಿಲ್ಲ. ಉಳಿದದ್ದು ತಮ್ಮ, ಮತ್ತು ಈ ಹಾಳೆಗಳು.

ತಮ್ಮ ಅವಳಿಗಿಂತ ಆರು ವರ್ಷ ಚಿಕ್ಕವನು. ಮಾತು ಕಡಿಮೆ, ಕೋಪ ಹೆಚ್ಚು, ಅದೂ ಹೊರಗೆ ಬರದೆ ಒಳಗೇ ಕುದಿಯುವ ನಮೂನೆಯ ಕೋಪ. ಹದಿನೈದು ವರ್ಷದಿಂದ ಸ್ವಂತ ಬೋಟು ಇಟ್ಟುಕೊಂಡಿದ್ದ. ಬೋಟು ಎಂದರೆ ದೊಡ್ಡದೇನಲ್ಲ, ನಾಲ್ಕು ಜನ ಹತ್ತಿದರೆ ಐದನೆಯವನು ಕಾಲು ಮಡಚಿಕೊಳ್ಳಬೇಕು. ಬೆಳಗಿನ ಜಾವ ಹೊರಟು, ದಂಡೆಯಿಂದ ಎರಡು ಗಂಟೆ ದೂರದ, ನೀರಿನಡಿಯ ಮರಳುದಿಬ್ಬದ ಮೇಲೆ ಬಲೆ ಎಳೆದು, ಮಧ್ಯಾಹ್ನದೊಳಗೆ ಕೆಂಪು ಮೀನು ತುಂಬಿಕೊಂಡು ಬರುತ್ತಿತ್ತು. ಆಚೆಯ ಆಳಕ್ಕೆ ಹೋಗುವ ತಾಕತ್ತು ಅದಕ್ಕಿರಲಿಲ್ಲ. ಅಲ್ಲಿ ಮೀನು ಹಿಡಿಯಬಾರದೆಂದು ದಿಬ್ಬವನ್ನು ಮುಚ್ಚಿದರೆ ಬೋಟನ್ನು ದಡಕ್ಕೆಳೆದು ತಮ್ಮ ಇನ್ನೊಬ್ಬರ ಬೋಟಿನಲ್ಲಿ ಕೂಲಿಗೆ ನಿಲ್ಲಬೇಕಾಗಿತ್ತು. ಇನ್ನೊಬ್ಬರು ಎಂದರೆ ಮೈಕು.

ಮೈಕು ಬಂದರಿನ ಅತಿ ದೊಡ್ಡ ಬೋಟಿನ ಯಜಮಾನ. ಮೂವತ್ತು ವರ್ಷ ಇಂಜಿನ್ನಿನ ಪಕ್ಕ ನಿಂತು ಮಾತಾಡಿದವನಾದ್ದರಿಂದ, ಮಗ್ಗುಲಲ್ಲಿ ಕೂತವರಿಗೂ ಎದುರು ದಡದಲ್ಲಿರುವವರಿಗೆ ಹೇಳುವ ಹಾಗೆ ಹೇಳುತ್ತಿದ್ದ, ಆ ಹೆಸರು ಬಂದದ್ದೂ ಅದರಿಂದಲೇ. ಅವನು ಕಿವಿಯಲ್ಲಿ ಗುಟ್ಟು ಹೇಳಿದರೆ ಬಂದರಿಗೆಲ್ಲ ಗೊತ್ತಾಗುತ್ತಿತ್ತು. ಮನುಷ್ಯ ಕೆಟ್ಟವನಲ್ಲ. ಆದರೆ ಹದಿನೈದು ವರ್ಷ ಯಜಮಾನನಾಗಿದ್ದವನು ಅವನ ಕೈಕೆಳಗೆ, ಆ ಗಂಟಲಿನ ಕೆಳಗೆ, ಹಗ್ಗ ಎಳೆದುಕೊಂಡು ನಿಲ್ಲುವುದೆಂದರೆ ತಮ್ಮನಂಥವನಿಗೆ ಸಾವಿನ ಸಮಾನವೇ.

ಆ ವರ್ಷ ಸಂಶೋಧನಾ ಕಚೇರಿಯ ಸಮೀಕ್ಷೆ ಹಡಗು ಬಂದು ದಿಬ್ಬದ ಮೇಲೆ ಹದಿನಾಲ್ಕು ಕಡೆ ಬಲೆ ಎಳೆದು ಹೋಯಿತು. ಎರಡು ತಿಂಗಳಿಗೆ ಕಚೇರಿಯ ಡಾಕ್ಟರು ಬಂದರು. ಡಾಕ್ಟರೆಂದರೆ ಮದ್ದು ಕೊಡುವವರಲ್ಲ, ಮೀನಿನ ಬಗ್ಗೆ ಓದಿ ಡಾಕ್ಟರಾದವರು. ಮೊದಲ ಸಲ ಅವರು ಬಂದಾಗ ಮೈಕುವಿನ ತಾಯಿ ಅವರೆದುರು ಬಾಯಿ ತೆರೆದು ನಾಲಿಗೆ ಚಾಚಿ ನಿಂತಿದ್ದಳು. ಅವರು ಪಾಪ, ಚೆನ್ನಾಗಿದೆ ಅಮ್ಮಾ ಎಂದು ಹೇಳಿ ತಪ್ಪಿಸಿಕೊಂಡಿದ್ದರು. ಈ ಸಲ ಅವರ ಮುಖ ಚೆನ್ನಾಗಿರಲಿಲ್ಲ. ಅಕ್ಕನ ಮೇಜಿನ ಮೇಲೆ ಎರಡು ಹಾಳೆ ಹರಡಿದರು. ಒಂದು ಹಡಗಿನ ಲೆಕ್ಕ, ಒಂದು ಅಕ್ಕನ ಲೆಕ್ಕ. ಹಡಗಿನ ಪ್ರಕಾರ ದಿಬ್ಬದ ತುಂಬ ಮರಿಗಳೇ, ಬಲಿತ ಮೀನು ಬೆರಳೆಣಿಕೆಯಷ್ಟು. ಅಕ್ಕನ ಪ್ರಕಾರ ಬಲಿತ ಮೀನಿಗೆ ಏನೇನೂ ಕೊರತೆಯಿಲ್ಲ. ಎರಡಕ್ಕೂ ತಾಳಮೇಳವೇ ಇಲ್ಲ.

ಕೆಂಪು ಮೀನು ಇಪ್ಪತ್ತೇಳು ಸೆಂಟಿಮೀಟರ್ ಆದ ಮೇಲೆಯೇ ಮೊದಲ ಸಲ ಮೊಟ್ಟೆ ಇಡುವುದು ಎಂದು ಡಾಕ್ಟರು ವಿವರಿಸಿದರು. ಹಡಗಿನ ಮಾತು ನಿಜವಾದರೆ ಮೊಟ್ಟೆ ಇಡುವ ಮೀನು ಮುಗಿಯುತ್ತ ಬಂದಿದೆ, ಇರುವ ಮರಿಗಳು ಒಂದು ಸಲವಾದರೂ ಮೊಟ್ಟೆ ಇಡುವವರೆಗೆ ದಿಬ್ಬವನ್ನು ಎರಡು ವರ್ಷ ಮುಚ್ಚಬೇಕು. ಅಕ್ಕನ ಮಾತು ನಿಜವಾದರೆ ಮುಚ್ಚುವ ಅಗತ್ಯವೇ ಇಲ್ಲ. ಹಡಗು ಬಂದದ್ದು ಮೂರೇ ಸಲ, ಅಕ್ಕನದು ಹತ್ತೊಂಬತ್ತು ವರ್ಷದ ಲೆಕ್ಕ. ಹಾಗಾಗಿ ಕಚೇರಿಯಲ್ಲಿ ಅರ್ಧ ಜನ ಅಕ್ಕನ ಕಡೆ. ಉಳಿದ ಅರ್ಧ ಜನ, ಬೋಟಿನವರು ಮರಿಗಳನ್ನು ಕಡಲಿಗೇ ಚೆಲ್ಲಿ ಬರುತ್ತಿದ್ದಾರೆ, ಕಳ್ಳರು, ಎನ್ನುತ್ತಿದ್ದರು.

ಇದು ಬಂದರಿಗೆ ತಿಳಿಯಲು ಎಷ್ಟು ಹೊತ್ತು ಬೇಕು? ಮೈಕು ಇದ್ದನಲ್ಲ. ಹಡಗಿನವರಿಗೆ ಬಲೆ ಎಳೆಯಲು ಬರುವುದಿಲ್ಲ, ಬಿಳಿ ಬಟ್ಟೆ ಹಾಕಿಕೊಂಡು ಮೀನು ಹಿಡಿಯುತ್ತಾರಂತೆ ಮೀನು, ಎಂದು ಅವನು ಹರಾಜು ಕಟ್ಟೆಯಲ್ಲಿ ನಿಂತು ಗುಡುಗಿದ. ತಮ್ಮ ಏನೂ ಗುಡುಗಲಿಲ್ಲ. ಸಂಜೆ ಅಕ್ಕನ ಮನೆ ಬಾಗಿಲಲ್ಲಿ ನಿಂತು, ಗುರುವಾರ ಸಹಕಾರ ಸಂಘದಲ್ಲಿ ಸಭೆಯಂತೆ, ದಿಬ್ಬದ ವಿಷಯ ಅಲ್ಲೇ ತೀರ್ಮಾನವಾಗುತ್ತದಂತೆ ಎಂದ. ಸ್ವಲ್ಪ ಹೊತ್ತು ಚಪ್ಪಲಿ ನೋಡಿಕೊಂಡು ನಿಂತು, "ನಿನ್ನ ಲೆಕ್ಕ ಇದೆ ಅಂತ ಧೈರ್ಯ ನಂಗೆ" ಎಂದು ಹೇಳಿ ಹೊರಟುಹೋದ. ಅವನ ಬಾಯಲ್ಲಿ ಅಷ್ಟು ಬಂದದ್ದೇ ದೊಡ್ಡದು. ಅಕ್ಕನಿಗೆ ಆ ರಾತ್ರಿ ಊಟ ರುಚಿಯಾಯಿತು.

ಡಾಕ್ಟರು ಹೋಗುವ ಮುಂಚೆ ಒಂದು ಕೆಲಸ ಹೇಳಿ ಹೋಗಿದ್ದರು. ಸಭೆಯವರೆಗೆ, ಬೋಟಿಗೊಂದು ಬುಟ್ಟಿಯ ಬದಲು ಎರಡು ಬುಟ್ಟಿ ಅಳೆಯಿರಿ, ಲೆಕ್ಕಕ್ಕೆ ಬಲ ಬರುತ್ತದೆ. ಅದಕ್ಕೇನು, ಅಳೆದರಾಯಿತು ಎಂದಿದ್ದಳು ಅಕ್ಕ.

ಸೋಮವಾರ ಮೊದಲು ಬಂದದ್ದು ತಮ್ಮನ ಬೋಟು. ಬೋಟಿನ ಅಡುಗೆಯವ, ಐವತ್ತರ ಆಸುಪಾಸಿನ ನಗುಮುಖದವನು, ಎಂದಿನಂತೆ ಬುಟ್ಟಿ ತಂದಿಟ್ಟ. ಅಕ್ಕ ಅಳೆದಳು. ಮೂವತ್ತೊಂದು, ಇಪ್ಪತ್ತೊಂಬತ್ತು, ಮೂವತ್ತಮೂರು. ಮುಗಿಸಿ, ಇನ್ನೊಂದು ಬೇಕಲ್ಲ ಎಂದು ತಾನೇ ಕಟ್ಟೆಯ ಅಂಚಿಗೆ ಹೋಗಿ, ಆಗ ತಾನೇ ಮೇಲೆ ಬಂದಿದ್ದ ಬುಟ್ಟಿಗಳ ಸಾಲಿನಲ್ಲಿ ಒಂದನ್ನು ಎಳೆದುಕೊಂಡಳು. ಇಪ್ಪತ್ತೆರಡು. ಹತ್ತೊಂಬತ್ತು. ಇಪ್ಪತ್ತಮೂರು. ಇಪ್ಪತ್ತು. ಅಡ್ಡಗೀಟಿನ ಮೇಲೆ ಅಡ್ಡಗೀಟು ಬಿತ್ತು, ಎಲ್ಲ ಹಾಳೆಯ ಎಡಗಡೆಗೇ, ಸಣ್ಣ ಅಳತೆಗಳ ಕಡೆ. ಇಪ್ಪತ್ತೇಳು ದಾಟಿದ್ದು ಇಡೀ ಬುಟ್ಟಿಯಲ್ಲಿ ನಾಲ್ಕು.

ಒಂದೊಂದು ದಿನ ಹೀಗಾಗುತ್ತದೆ ಎಂದುಕೊಂಡಳು. ಎರಡನೆಯ ಬೋಟಿಗೂ ಹಾಗೇ ಆಯಿತು. ಮೂರನೆಯದಕ್ಕೂ. ಮೈಕುವಿನ ಬೋಟಿನಲ್ಲಿ ಎರಡು ಬುಟ್ಟಿಯ ಮೀನಿನ ಉದ್ದದ ನಡುವೆ ಸರಾಸರಿ ನಾಲ್ಕು ಬೆರಳಿನ ಅಂತರ. ಅಕ್ಕ ಹಲಗೆಯನ್ನೇ ತಿರುಗಿಸಿ ಮುರುಗಿಸಿ ನೋಡಿದಳು, ಅಡ್ಡಪಟ್ಟಿ ಸರಿದಿದೆಯೇ ಎಂದು. ಹಲಗೆಯದೇನು ತಪ್ಪು.

ಮಧ್ಯಾಹ್ನ ಅಡುಗೆಯವ ನಲ್ಲಿಗೆ ಪಾತ್ರೆ ತೊಳೆಯಲು ಬಂದಾಗ ಅವಳು ಸಹಜವಾಗಿ ಕೇಳುವ ಹಾಗೆ ಕೇಳಿದಳು, ಎರಡು ಬುಟ್ಟಿ ಒಂದೇ ಬಲೆಯದ್ದಾ ಎಂದು. ಒಂದೇ ಬಲೆಯದ್ದು ಎಂದ. ಮತ್ತೆ ಯಾಕೆ ಹೀಗೆ ಎಂದಳು.

"ಒಂದು ನಿಮಗೆ ಅಂತ ಆರಿಸಿ ಇಟ್ಟಿದ್ದಲ್ವಾ ಅಕ್ಕ. ಇನ್ನೊಂದು ಹಾಗೇ ಬಿದ್ದಿದ್ದು" ಎಂದ ಅವನು, ಇಷ್ಟೂ ಗೊತ್ತಿಲ್ವಾ ಎನ್ನುವ ಹಾಗೆ ನಕ್ಕು. "ಪುಡಿಮೀನು, ಜಜ್ಜಿಹೋಗಿದ್ದು, ಅದನ್ನೆಲ್ಲ ನಿಮ್ಮ ಮುಂದೆ ಇಡೋಕಾಗುತ್ತಾ? ಎಲ್ಲಾ ಬೋಟಲ್ಲೂ ಹಾಗೇ ಮಾಡೋದು."

ಯಾವಾಗಿನಿಂದ ಎಂದು ಕೇಳಿದಳು. ಅವನು ಬಂದು ಐದು ವರ್ಷವಾಯಿತಂತೆ. ಬಂದ ದಿನವೇ ಹೇಳಿಕೊಟ್ಟಿದ್ದರಂತೆ, ಬಲೆ ಸುರಿದ ಕೂಡಲೇ ಮೊದಲು ಅಕ್ಕನ ಬುಟ್ಟಿ ಆರಿಸಿಡು, ಆಮೇಲೆ ಉಳಿದ ಕೆಲಸ. ಅದಕ್ಕೂ ಹಿಂದಿನದು ಅವನಿಗೆ ಗೊತ್ತಿರಲಿಲ್ಲ. ಪಾತ್ರೆ ತೊಳೆದುಕೊಂಡು ಹಾಡು ಗುನುಗುತ್ತ ಹೋದ.

ಮರಿಗಳನ್ನು ಯಾರೂ ಕಡಲಿಗೆ ಚೆಲ್ಲಿರಲಿಲ್ಲ. ಹಡಗಿನವರಿಗೆ ಬಲೆ ಎಳೆಯಲು ಬರುತ್ತಿತ್ತು. ಕಳ್ಳತನವಿಲ್ಲ, ಸುಳ್ಳಿಲ್ಲ, ಯಾರ ಮನಸ್ಸಿನಲ್ಲೂ ಎಳ್ಳಷ್ಟು ಕೇಡಿಲ್ಲ. ಬರೀ ಮರ್ಯಾದೆ. ಮನೆಗೆ ಬಂದವರಿಗೆ ಒಡೆದ ಲೋಟದಲ್ಲಿ ಟೀ ಕೊಡುವುದಿಲ್ಲವಲ್ಲ, ಹಾಗೆ. ಆ ಮರ್ಯಾದೆಯನ್ನು ಅವಳು ದಿನವೂ ಸೆಂಟಿಮೀಟರಿನಲ್ಲಿ ಅಳೆದು, 'ವಿಂಗಡಿಸುವ ಮೊದಲು ತೆಗೆದದ್ದು' ಎಂದು ಸರಿ ಗುರುತು ಹಾಕಿ, ಸಹಿ ಮಾಡಿ, ಕಡಲಿನ ಲೆಕ್ಕ ಎಂದು ಕಳಿಸಿದ್ದಳು. ಮರಿಗಳು ಪುಡಿಮೀನಿನ ರಾಶಿಗೆ ಸೇರಿ ಲಾರಿ ಹತ್ತಿ ಹಿಂಡಿ ಮಾಡುವ ಕಾರ್ಖಾನೆಗೆ ಹೋಗುತ್ತಿದ್ದವು, ಅಲ್ಲಿ ಅಳೆಯುವವರು ಯಾರು? ಅಕ್ಕನಿಗೆ ಅಳು ಬಂತು. ನಲ್ಲಿ ತಿರುಗಿಸಿ ಮುಖ ತೊಳೆದಳು, ನೋಡಿದವರಿಗೆ ಮುಖ ತೊಳೆದ ಹಾಗೇ ಕಾಣಲಿ ಎಂದು.

ಯಾರಿಗೂ ಹೇಳದಿದ್ದರೆ? ಈ ಪ್ರಶ್ನೆ ಬರಲಿಲ್ಲ ಎಂದರೆ ಅದು ಸುಳ್ಳು. ಬಂತು. ಎರಡನೆಯ ಬುಟ್ಟಿಯ ಹಾಳೆಗಳು ಇರುವುದು ಅವಳ ಕೈಯಲ್ಲಿ. ಹರಿದು ಬಿಸಾಡಿದರೆ ಪಿಟ್ಟೆನ್ನುವವರಿಲ್ಲ. ದಿಬ್ಬ ತೆರೆದಿರುತ್ತದೆ, ತಮ್ಮ ಯಜಮಾನನಾಗಿರುತ್ತಾನೆ, ಹತ್ತೊಂಬತ್ತು ವರ್ಷದ ಲೆಕ್ಕ ಮರ್ಯಾದೆಯಿಂದ ಕಪಾಟಿನಲ್ಲಿರುತ್ತದೆ. ಎರಡು ಮೂರು ವರ್ಷ ಎಲ್ಲರೂ ಸುಖವಾಗಿರುತ್ತಾರೆ. ಆಮೇಲೆ ಒಂದು ದಿನ ಬಲೆ ಖಾಲಿ ಬರುತ್ತದೆ, ಅಷ್ಟೇ. ಮಂಗಳವಾರವೂ ಬುಧವಾರವೂ ಅವಳು ಎರಡೆರಡು ಬುಟ್ಟಿ ಅಳೆದಳು. ಹಾಳೆ ಹರಿಯಲು ಕೈ ಬರಲಿಲ್ಲ.

ಬುಧವಾರ ಸಂಜೆ ತಮ್ಮನ ಮನೆಗೆ ಹೋದಳು. ಸಭೆಯಲ್ಲಿ ಹತ್ತು ಜನರ ಮುಂದೆ ಅವನಿಗೆ ಗೊತ್ತಾಗುವುದು ಬೇಡ, ತನ್ನ ಬಾಯಿಂದಲೇ ಗೊತ್ತಾಗಲಿ ಎಂದು. ಅವನ ಹೆಂಡತಿ ಬನ್ನಿ ಅತ್ತಿಗೆ ಎಂದು ಕುರ್ಚಿ ಎಳೆದು, ಇಬ್ಬರ ಮುಖವನ್ನೂ ನೋಡಿ, ಏನೋ ಕೆಲಸ ನೆನಪಾದವಳಂತೆ ಒಳಗೆ ಹೋದಳು. ತಮ್ಮ ಹರಿದ ಬಲೆಯ ತುಂಡು ಮಡಿಲಲ್ಲಿಟ್ಟುಕೊಂಡು ಹೊಲಿಯುತ್ತಿದ್ದ. ಅಕ್ಕ ಒಂದನ್ನೂ ಬಿಡದೆ ಹೇಳಿದಳು. ಎರಡು ಬುಟ್ಟಿ, ನಾಲ್ಕು ಬೆರಳು, ಅಡುಗೆಯವನ ಮಾತು. ಹೇಳುವಾಗ ಅವನ ಸೂಜಿ ನಿಂತಿತು. ಮತ್ತೆ ಹೊಲಿಯಲಿಲ್ಲ.

ಅವನು ಕೇಳಿದ್ದು ಒಂದೇ, ನಾಳೆ ಇದನ್ನು ಹೇಳುತ್ತೀಯಾ ಎಂದು. ಹೇಳುತ್ತೇನೆ ಎಂದಳು. ಆಗ ಅವನಿಗೆ ಕೋಪ ಬಂತು. ದಿಬ್ಬದ ವಿಷಯ ಎತ್ತಲೇ ಇಲ್ಲ, ಬೋಟಿನ ವಿಷಯವೂ ಇಲ್ಲ. ಹತ್ತೊಂಬತ್ತು ವರ್ಷ ಚಳಿ ಎನ್ನದೆ ಮಳೆ ಎನ್ನದೆ ಆ ಮೂಲೆಯಲ್ಲಿ ಕೂತು ಮಾಡಿದ್ದನ್ನೆಲ್ಲ ನಿನ್ನ ಕೈಯಾರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಮಾಡಿಕೊಳ್ಳುತ್ತೀಯಾ, ನಿನಗೇನು ತಲೆ ಕೆಟ್ಟಿದೆಯಾ ಎಂದ. ಅಳತೆಗೆ ಕೊಡುವ ಮೀನಿನಲ್ಲಿ ಕೈಯಾಡಿಸಿದರೆ ಲೈಸೆನ್ಸ್ ಕಿತ್ತುಕೊಳ್ಳುತ್ತಾರೆ, ಅದಾದರೂ ಗೊತ್ತಿದೆಯಾ ಎಂದ. ಗೊತ್ತಿದೆ, ಯಾವ ಬೋಟಿನ ಹೆಸರನ್ನೂ ಹೇಳುವುದಿಲ್ಲ, ತಪ್ಪನ್ನು ನನ್ನ ಮೇಲೆ ಹಾಕಿಕೊಳ್ಳುತ್ತೇನೆ ಎಂದಳು ಅಕ್ಕ. ಇದನ್ನು ಶುರು ಮಾಡಿದ್ದು ಯಾರು ಎಂದು ನಿನಗೇನಾದರೂ ಗೊತ್ತಾ ಎಂದೂ ಕೇಳಿದಳು.

"ಎಲ್ರೂ ಮಾಡ್ತಾರೆ. ಯಾರು ಅಂತ ಹೇಳ್ಲಿ" ಎಂದು ಅವನು ಬಲೆ ಮಡಚಿಟ್ಟು ಎದ್ದುಹೋದ. ಅಕ್ಕ ಮನೆಗೆ ನಡೆದಳು. ಅವನ ಬದುಕಿಗೆ ತಾನೇ ಕಲ್ಲು ಹಾಕುತ್ತಿದ್ದೇನೆ, ಇನ್ನು ಅವನು ತನ್ನನ್ನು ಮಾತಾಡಿಸುವುದಿಲ್ಲ ಎಂದೇ ಅವಳು ತಿಳಿದಳು.

ಸಹಕಾರ ಸಂಘದ ಸಭಾಂಗಣದಲ್ಲಿ ಗುರುವಾರ ಹತ್ತು ಗಂಟೆಗೇ ಕುರ್ಚಿ ಸಾಲದೆ ಜನ ಕಿಟಕಿಯ ಮೇಲೆ ಕೂತಿದ್ದರು. ಮುಂದಿನ ಮೇಜಿನಲ್ಲಿ ಡಾಕ್ಟರು, ಪಕ್ಕದಲ್ಲಿ ಬಂದರಿನ ಅಧಿಕಾರಿ. ಅಧಿಕಾರಿ ನಿಯಮದ ಮನುಷ್ಯ. ಫ್ಯಾನಿನ ಗಾಳಿಗೆ ಕಾಗದ ಹಾರದ ಹಾಗೆ ನಾಲ್ಕು ಮೂಲೆಗೂ ಏನಾದರೊಂದು ಇಟ್ಟುಕೊಂಡು ಕೂರುವವರು. ತಮ್ಮ ಹಿಂದಿನ ಸಾಲಿನಲ್ಲಿ, ಗೋಡೆಗೆ ಒರಗಿ, ಕೈಕಟ್ಟಿ ಕೂತಿದ್ದ. ಅಕ್ಕನ ಕಡೆ ನೋಡಲಿಲ್ಲ.

ಡಾಕ್ಟರು ಎರಡೂ ಲೆಕ್ಕವನ್ನು ಗೋಡೆಯ ಮೇಲೆ ತೋರಿಸಿದರು. ಮೈಕು ಎದ್ದು ಹಡಗಿನವರ ಜನ್ಮ ಜಾಲಾಡಿದ. ಅಧಿಕಾರಿ, ಮರಿಗಳನ್ನು ಕಡಲಿಗೆ ಚೆಲ್ಲುತ್ತಿರುವ ಬಗ್ಗೆ ಅನುಮಾನವಿದೆ ಎಂದರು. ಜೇನುಗೂಡಿಗೆ ಕಲ್ಲು ಬಿದ್ದಂತಾಯಿತು. ಆ ಗದ್ದಲದಲ್ಲೇ ಅಕ್ಕ ಎದ್ದು ನಿಂತಳು. ಅವಳು ಸಭೆಯಲ್ಲಿ ಎದ್ದು ನಿಂತದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಗದ್ದಲ ತಾನಾಗಿ ನಿಂತಿತು.

"ಯಾರೂ ಚೆಲ್ಲಿಲ್ಲ" ಎಂದಳು. "ಲೆಕ್ಕ ತಪ್ಪಿದ್ದು ನನ್ನ ಮೇಜಲ್ಲಿ. ನನಗೆ ಬರ್ತಿದ್ದಿದ್ದು ಆರಿಸಿದ ಬುಟ್ಟಿ. ಕೊಡೋರು ಪ್ರೀತಿಗೆ ಕೊಟ್ರು, ಕೆಟ್ಟ ಯೋಚನೆ ಇರ್ಲಿಲ್ಲ. ಇಳಿದು ಹೋಗಿ ನಾನೇ ತೆಗೀಬೇಕಿತ್ತು, ತೆಗೀಲಿಲ್ಲ. ಸಹಿ ನಂದು, ತಪ್ಪೂ ನಂದೇ."

ಮೂರು ದಿನದ ಎರಡನೆಯ ಬುಟ್ಟಿಯ ಹಾಳೆಗಳನ್ನು ತೆಗೆದುಕೊಂಡು ಹೋಗಿ ಡಾಕ್ಟರ ಮುಂದಿಟ್ಟಳು. ಅವರು ಒಂದೊಂದಾಗಿ ನೋಡಿದರು. ಹಡಗಿನ ಲೆಕ್ಕದ ಪಕ್ಕಕ್ಕೆ ಹಿಡಿದರು. ಎರಡೂ ಹೊಂದಿಕೊಂಡವು. ಆ ಮನುಷ್ಯನಿಗೆ ಸಂತೋಷವಾಗಬೇಕಿತ್ತು, ಆದರೆ ಅವರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಹಾಗಾದರೆ ದಿಬ್ಬವನ್ನು ಎರಡು ವರ್ಷ ಮುಚ್ಚುವ ಸಲಹೆಯೇ ಕೊಡಬೇಕಾಗುತ್ತದೆ ಎಂದರು. ಯಾರೂ ಕೂಗಾಡಲಿಲ್ಲ. ಅಕ್ಕನ ಹಾಳೆ ಎಂದಮೇಲೆ ಮೈಕುವಿಗೂ ಬಾಯಿ ಬರಲಿಲ್ಲ.

ಡಾಕ್ಟರು ಇನ್ನೊಂದು ಪ್ರಶ್ನೆ ಕೇಳಿದರು, ಬಹಳ ಮೆಲ್ಲಗೆ. ಈ ಆರಿಸುವುದು ಶುರುವಾದದ್ದು ಯಾವಾಗ? ಮುಚ್ಚುವುದು ಸುಲಭ, ಮತ್ತೆ ತೆರೆಯುವುದು ಯಾವಾಗ ಎಂದು ಹೇಳುವುದು ಕಷ್ಟ ಎಂದರು. ದಿಬ್ಬ ಚೆನ್ನಾಗಿದ್ದ ಕಾಲದಲ್ಲಿ ಹೇಗಿತ್ತು ಎಂದು ಗೊತ್ತಿದ್ದರೆ ತಾನೇ ಈಗ ಸರಿಹೋಯಿತು ಎನ್ನಲು ಸಾಧ್ಯ. ಅದನ್ನು ಹೇಳುವುದು ಅಕ್ಕನ ಹಳೆಯ ವರ್ಷಗಳ ಲೆಕ್ಕ ಒಂದೇ. ಆರಿಸಲು ಶುರುವಾದ ದಿನ ಗೊತ್ತಾದರೆ ಅದಕ್ಕೆ ಹಿಂದಿನದನ್ನೆಲ್ಲ ಉಳಿಸಿಕೊಳ್ಳಬಹುದು. ಗೊತ್ತಾಗದಿದ್ದರೆ ಎಲ್ಲಿಯವರೆಗೆ ನಂಬುವುದು, ಎಲ್ಲಿಂದ ಬಿಡುವುದು?

"ಹತ್ತೊಂಬತ್ತು ವರ್ಷವನ್ನೂ ಕೈಬಿಡಬೇಕಾಗುತ್ತೆ" ಎಂದರು.

ಅಕ್ಕ ಗೊತ್ತಿಲ್ಲ ಎಂದಳು. ಇಷ್ಟು ಸಣ್ಣ ಮಾತನ್ನು ಹೇಳಲು ಅವಳಿಗೆ ಎರಡು ಸಲ ಬಾಯಿ ತೆರೆಯಬೇಕಾಯಿತು. ಗೊತ್ತಿದ್ದವರು ಸಭೆಯಲ್ಲೇ ಇದ್ದರು, ಆದರೆ ಅಧಿಕಾರಿಯ ಪೆನ್ನಿನ ಕ್ಯಾಪು ತೆರೆದಿತ್ತು. ಮೀನಿನಲ್ಲಿ ಕೈಯಾಡಿಸಿದ್ದು ಯಾವ ಬೋಟು ಎಂದು ಅವರು ಆಗಲೇ ಒಂದು ಸಲ ಕೇಳಿದ್ದರು, ನಿಯಮ ಓದಿ ಹೇಳಿದ್ದರು. ಎಲ್ಲರ ಬಾಯಿಗೂ ಬೀಗ. ಅಕ್ಕ ಮೇಜಿನ ಅಂಚು ಹಿಡಿದು ನಿಂತಿದ್ದಳು. ಚೆನ್ನಾಗಿ ಅಳೆದ ವರ್ಷಗಳೂ ಇದ್ದವಲ್ಲ, ಏಣಿ ಇಳಿದು ಹತ್ತಿ ಅಳೆದ ವರ್ಷಗಳು, ಅವೂ ಹೋದವು ಎಂದುಕೊಂಡಳು.

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು.

"ಹನ್ನೊಂದು ವರ್ಷ" ಎಂದ ತಮ್ಮ. "ಶುರು ಮಾಡಿದ್ದು ನಾನು."

ಅಧಿಕಾರಿ ಬೋಟಿನ ನಂಬರು ಕೇಳಿದರು. ಅವನು ಹೇಳಿದ. ಅವರು ಬರೆದುಕೊಂಡರು. ತಾರೀಖು ನೆನಪಿದೆಯಾ ಎಂದು ಡಾಕ್ಟರು ಕೇಳಿದರು. ತಮ್ಮ ಅವರಿಗೆ ಉತ್ತರ ಹೇಳಿದ, ಆದರೆ ನೋಡುತ್ತಿದ್ದದ್ದು ನೆಲವನ್ನು.

"ತಾರೀಖು ನೀವೇ ರಿಜಿಸ್ಟರಲ್ಲಿ ನೋಡ್ಕೊಳ್ಳಿ. ಭಾವ ಹೋದ್ಮೇಲೆ ಅಕ್ಕ ಹದಿನಾರು ದಿನ ರಜ ಹಾಕಿದ್ಲು. ಹದಿನೇಳನೇ ದಿನ ಬಂದ್ಲು. ಏಣಿ ಇಳಿದು ನನ್ನ ಬೋಟಿಗೇ ಬಂದ್ಲು, ಒಂದು ಬುಟ್ಟಿ ತೋರಿಸಿದ್ಲು. ಅವತ್ತು ಬಲೆ ಕೆಟ್ಟಿತ್ತು, ಎಲ್ಲಾ ಜಜ್ಜಿಹೋಗಿದ್ದ ಮೀನು. ಅದನ್ನೇ ನೋಡ್ತಾ ನಿಂತ್ಬಿಟ್ಲು. ಕೈ ಆಡ್ಲಿಲ್ಲ ಅವಳಿಗೆ. ನಂಗೆ ನೋಡೋಕಾಗ್ಲಿಲ್ಲ. ಮೇಲೆ ಹೋಗಿ ಕೂತ್ಕೋ, ನಾನು ತರ್ತೀನಿ ಅಂದೆ. ಒಳ್ಳೇದು ನೋಡಿ ಆರಿಸಿ ತಗೊಂಡೋದೆ. ಅಳೀತಾ ಅಳೀತಾ ಸ್ವಲ್ಪ ಸರಿಯಾದ್ಲು. ಮಾರನೇ ದಿನಾನೂ ಆರಿಸ್ದೆ. ನನ್ನ ನೋಡಿ ಬೇರೆಯವರೂ ಶುರು ಮಾಡಿದ್ರು. ನಿಲ್ಲಿಸೋದು ಯಾವತ್ತು ಅಂತ ಗೊತ್ತಾಗ್ಲಿಲ್ಲ."

ಅಕ್ಕ ಕೂತಳು. ಯಾರೋ ಕುರ್ಚಿ ಸರಿಸಿ ಕೊಟ್ಟಿರಬೇಕು, ಯಾರೆಂದು ಅವಳು ನೋಡಲಿಲ್ಲ. ಹದಿನೇಳನೆಯ ದಿನ ಅವಳಿಗೆ ಚೆನ್ನಾಗಿ ನೆನಪಿತ್ತು, ಆದರೆ ಅವಳಿಗೆ ನೆನಪಿದ್ದದ್ದು ಬೇರೆಯೇ. ಐಸು ಯಂತ್ರದ ಹತ್ತಿರ ಹೊಸಬನೊಬ್ಬ ನಿಂತಿದ್ದ. ಅವನನ್ನು ನೋಡಲಾಗದೆ ತಲೆ ತಗ್ಗಿಸಿ ಹಲಗೆ ನೋಡಿದಾಗ ಅದರ ಮೇಲೆ ಒಂದು ದೊಡ್ಡ, ಕೆಂಪಗೆ ಹೊಳೆಯುವ ಮೀನಿತ್ತು. ಪರವಾಗಿಲ್ಲ, ಕಡಲಲ್ಲಿ ಇನ್ನೂ ಇಂಥವು ಇವೆ ಎಂದುಕೊಂಡಿದ್ದಳು. ಆ ಮಾತು ಹಿಡಿದುಕೊಂಡೇ ಆ ವರ್ಷ ದಾಟಿದ್ದಳು. ಅದು ಕಡಲು ಕೊಟ್ಟದ್ದು ಎಂದು ಇಷ್ಟು ವರ್ಷ ತಿಳಿದಿದ್ದಳು.

ಡಾಕ್ಟರು ರಿಜಿಸ್ಟರು ತರಿಸಿ, ರಜೆ ಮುಗಿದ ತಾರೀಖಿಗೆ ಒಂದು ಗೆರೆ ಎಳೆದರು. ಗೆರೆಯ ಹಿಂದೆ ಎಂಟು ವರ್ಷ ಉಳಿಯಿತು. ಅಷ್ಟರಲ್ಲಿ ಮೈಕು ಎದ್ದು, ನಮ್ಮ ಬೋಟಿನಲ್ಲಿ ಅದಾದ ಮೂರು ತಿಂಗಳಿಗೆ ಶುರುವಾಗಿದ್ದು, ನನ್ನ ನಂಬರೂ ಬರಕೊಳ್ಳಿ ಎಂದು ಸೂರು ಹಾರುವ ಹಾಗೆ ಹೇಳಿದ. ಅವನ ಹಿಂದೆ ಇನ್ನೊಬ್ಬ, ಮತ್ತೊಬ್ಬ. ಅಧಿಕಾರಿ ಒಂಬತ್ತು ನಂಬರು ಬರೆದು, ಹಾಳೆಯನ್ನು ಒಂದು ಸಲ ನೋಡಿ, ಇಡೀ ಬಂದರಿನ ಲೈಸೆನ್ಸ್ ಕಿತ್ತುಕೊಂಡು ನಾನು ಮನೆಯಲ್ಲಿ ಕೂರಲೇನು ಎಂದು ಗೊಣಗಿ, ಎಲ್ಲರಿಗೂ ಎಚ್ಚರಿಕೆಯ ಪತ್ರ ಎಂದು ಬರೆದು ಪೆನ್ನಿಗೆ ಕ್ಯಾಪು ಹಾಕಿದರು. ದಿಬ್ಬ ಸೋಮವಾರದಿಂದ ಮುಚ್ಚುತ್ತದೆ, ಎರಡು ವರ್ಷ, ಆಮೇಲೆ ಹಳೆಯ ಎಂಟು ವರ್ಷದ ಜೊತೆ ಹೋಲಿಸಿ ನೋಡುವುದು ಎಂದು ತೀರ್ಮಾನವಾಯಿತು.

ಜನ ಚದುರಿದ ಮೇಲೆ ತಮ್ಮ ಸಂಘದ ಮೆಟ್ಟಿಲ ಮೇಲೆ ಒಬ್ಬನೇ ನಿಂತಿದ್ದ. ಅಕ್ಕ ಹೋಗಿ ಪಕ್ಕದಲ್ಲಿ ನಿಂತಳು. ಬೈಯಬೇಕೆಂದೇ ಹೋಗಿದ್ದಳು.

"ಹನ್ನೊಂದು ವರ್ಷ ನಂಗೆ ಒಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವೇನೋ?"

"ಹೇಳಿದ್ರೆ ನೀನು ತಗೋತಿದ್ಯಾ?"

ತೆಗೆದುಕೊಳ್ಳುತ್ತಿರಲಿಲ್ಲ. ಬುಟ್ಟಿಯನ್ನು ಅವನ ಕಾಲ ಬುಡಕ್ಕೆ ಸುರಿದು, ಜಜ್ಜಿದ ಮೀನನ್ನೇ ತಂದು ಅಳೆಯುತ್ತಿದ್ದಳು. ಅದು ಇಬ್ಬರಿಗೂ ಗೊತ್ತಿತ್ತು. ಬೈಯುವುದನ್ನು ಬಿಟ್ಟು ಬೋಟನ್ನು ದಡಕ್ಕೆ ಎಳೆಯುವುದು ಯಾವಾಗ ಎಂದು ಕೇಳಿದಳು. ಭಾನುವಾರ ಬೆಳಿಗ್ಗೆ, ನೀರು ಏರಿದಾಗ ಎಂದ.

"ನಾನೂ ಬರ್ತೀನಿ, ಹಗ್ಗ ಹಿಡಿಯೋಕೆ."

ಬೇಡ ಎನ್ನುತ್ತಾನೆ ಎಂದುಕೊಂಡಿದ್ದಳು. ಅವನು ಬಾ ಎಂದ.